ಬೀಗ ಜಗ್ಗುವ ಅಧ್ಯಕ್ಷರು
ಜಾವಗಲ್ಲಿನ ತೆಂಗು ಬೆಳೆಗಾರರ ಸಂಘದ ಅಧ್ಯಕ್ಷ ಮರುಳಸಿದ್ದಪ್ಪನವರು ಬೀಗ ಹಾಕಿದರೆ ಒಮ್ಮೆ ಜಗ್ಗುತ್ತಾರೆ, ಬಸ್‌ಸ್ಟ್ಯಾಂಡಿನವರೆಗೆ ಹೋದವರು ಅನುಮಾನ ಬಂದು ತಿರುಗಿ ಬಂದು ಇನ್ನೊಮ್ಮೆ ಜಗ್ಗುತ್ತಾರೆ. ಅವರ ತೋಟದಲ್ಲಿ ಇಲಿ ಹತ್ತದಂತೆ ತಗಡು ಸುತ್ತದ ತೆಂಗಿನ ಮರವೇ ಇಲ್ಲ. ಇನ್ನೂ ಕಾಯಿ ಬಿಡದ ಮರಕ್ಕೂ ಉಂಟು. ಉಣ್ಣುವಾಗಲೂ ಕೀಗೊಂಚಲು ತಟ್ಟೆಯ ಪಕ್ಕದಲ್ಲೇ ಇರಬೇಕು, ಹೆಂಡತಿ ಕಾಂತಮ್ಮ, "ಅದಕ್ಕೂ ಒಂದ್ ಮುದ್ದೆ ಇಕ್ಲಾ?" ಎಂದು ಕೇಳುವುದುಂಟು. ಸದಸ್ಯರ ಹೆಬ್ಬೆಟ್ಟಿನ ಗುರುತು ಹಿಡಿದಿಡುವ ಕಂಪ್ಯೂಟರ್ ಸಂಘಕ್ಕೆ ಬಂದಾಗ ಅದಕ್ಕೊಂದು ಮರದ ಪೆಟ್ಟಿಗೆ ಮಾಡಿಸಿ ಬೀಗ ಜಡಿದರು. ಗುಮಾಸ್ತೆ ನಂದಿತಾ ನಕ್ಕು, "ಸಾರ್, ಇದರ ಕಳ್ಳ ಬಾಗಿಲಲ್ಲಿ ಬರಲ್ಲ, ಇಂಟರ್ನೆಟ್ಟಲ್ಲಿ ಬರ್ತಾನೆ. ಅದಕ್ಕೆ ಬೇರೆ ಕಾವಲು ಹಾಕಿಸ್ಬೇಕು, ಖರ್ಚಿದೆ" ಎಂದಳು. ಅಂದಿನಿಂದ ಪ್ರತಿ ಸಭೆಯಲ್ಲೂ ಆ ಕಾವಲು ಹಾಕಿಸಬೇಕೆಂದು ಅಧ್ಯಕ್ಷರದು ಒಂದೇ ರಾಗ. "ಇನ್ನೂ ಏನೂ ಕಳುವಾಗಿಲ್ವಲ್ಲ, ಆದಾಗ ನೋಡಾನ ಬಿಡಿ" ಎಂದು ಸದಸ್ಯ ರಾಮಣ್ಣ ತಳ್ಳಿಹಾಕಿದರೆ, "ಇಲಿ ಕಾಯಿ ತಿಂದ್ಮೇಲೆ ತಗಡು ಹೊಡೀತೀಯೇನ್ಲಾ?" ಎಂದು ಗದರುತ್ತಾರೆ. ಎಲ್ಲರೂ ನಕ್ಕು, ಟೀ ಕುಡಿದು ಎದ್ದು ಹೋಗುತ್ತಾರೆ. ಮೊನ್ನೆಯ ಸಭೆಯಲ್ಲಿ ಮಾತ್ರ ಅವರು ಗದರಲಿಲ್ಲ. ಹೊರಗೆ ಜಗಲಿಯಲ್ಲಿ ಕೂತಿದ್ದ ಮುದುಕಿ ಗಿಡ್ಡಮ್ಮನನ್ನು ತೋರಿಸಿ ಮೆಲ್ಲಗೆ ಹೇಳಿದರು: "ನಮ್ಮನ್ನ ನಂಬಿ ಆವಮ್ಮ ಹೆಬ್ಬೆಟ್ಟಿನ ಗುರುತು ಈ ಕಂಪ್ಯೂಟರ್‌ ಒಳಗೆ ಇಟ್ಟವ್ಳೆ ಕಣ್ರಪ್ಪಾ. ಬೀಗ ಹೋದ್ರೆ ಅರಸೀಕೆರೆಯಿಂದ ಇನ್ನೊಂದು ತರಾನ. ಬೆರಳು ಎಲ್ಲಿಂದ ತರಾನ?" ಯಾರೂ ನಗಲಿಲ್ಲ. ರಾಮಣ್ಣ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡು, "ಹಾಕ್ಸಿ ಅತ್ಲಾಗೆ" ಎಂದ. ಅಂದು ಅಧ್ಯಕ್ಷರು ಬಾಗಿಲ ಬೀಗವನ್ನು ಒಂದೇ ಸಲ ಜಗ್ಗಿ ಮನೆಗೆ ಹೋದರು.