ಮರಿಗಳಿಗೆ ಪೇಪರ್, ತಾಯಿಗೆ ಒಂಟಿ ಗ್ಲೌಸ್

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಬೈಯುವಾಗ ಇಬ್ಬರಿಗೂ ಆರಾಮ. ಒಂದು ಕಾವಲು ನಾಯಿಯ ನೌಕರಿಯನ್ನು ನಾನು ನನ್ನ ಬಾಯಿಯಿಂದಲೇ ಕಳೆದೆ. ಕಚ್ಚಿ ಅಲ್ಲ, ಕೂಗಿ.

ಈ ಅಂಕಣಕಾರನ ಬಾಯಿ ಸುಮ್ಮನಿರುವುದಿಲ್ಲ ಎಂದು ನಿಮಗೆ ಗೊತ್ತೇ ಇದೆ. ಡೊಂಬಿವಲಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹೆಂಗಸು, ನಮ್ಮ ಸೊಸೈಟಿಯ ಸೆಕ್ರೆಟರಿ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮೈಕು ಬಿಡದ ಅಧ್ಯಕ್ಷರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. (ನನ್ನ ಸ್ವಂತ ದನಿಯಲ್ಲಿ ಫೋನ್ ಎತ್ತಿದರೆ ಮಾತ್ರ ಜನ "ಮೇಡಮ್, ಸರ್ ಇದ್ದಾರಾ?" ಎಂದು ಕೇಳುತ್ತಾರೆ.)

ಇತ್ತೀಚೆಗೆ ಒಬ್ಬ ಹೊಸ ಬಾಡಿಗೆದಾರ ಸೇರಿಕೊಂಡಿದ್ದ. ಇನ್ನೂ ಕಣ್ಣು ಬಿಡದ ನಾಯಿಮರಿ. ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಬೀದಿನಾಯಿಯೊಂದು ಮರಿ ಹಾಕಿತ್ತು. ದಿನಾ ಆಫೀಸಿಗೆ ಹೊರಡುವಾಗ ಅಲ್ಲಿ ಕೂತು ಆ ಕುಂಯ್‌ಗುಟ್ಟುವಿಕೆ ಕಲಿತೆ. ಒಂದು ದಿನ ಆ ತಾಯಿನಾಯಿ ಎದ್ದು ಬಂದು ನನ್ನ ಮುಖವನ್ನೇ ಮೂಸಿ, ಅನುಮಾನದಿಂದ ವಾಪಸು ಹೋಯಿತು. ನಾನು ಅದನ್ನು ಪ್ರಶಸ್ತಿ ಎಂದುಕೊಂಡೆ. ಎಚ್ಚರಿಕೆ ಎಂದುಕೊಳ್ಳಬೇಕಿತ್ತು.

ಈಗ ನಮ್ಮ ಶೇಖರ ಮಾಮನ ವಿಷಯ. ಅಮ್ಮನ ಅಣ್ಣ. ಉಡುಪಿಯಿಂದ ಹೋಟೆಲಿಗೆ ಅಂತ ಬಂದವರು, ಇಡ್ಲಿಗಿಂತ ಬೀಗದ ಮೇಲೆ ಜನರಿಗೆ ನಂಬಿಕೆ ಹೆಚ್ಚು ಎಂದು ಕಂಡುಕೊಂಡು ಸೆಕ್ಯೂರಿಟಿ ಏಜೆನ್ಸಿ ತೆರೆದರು. ತುರ್ಭೆಯ ಗೋಡೌನುಗಳಿಗೆ ವಾಚ್‌ಮನ್‌ಗಳನ್ನೂ ನಾಯಿಗಳನ್ನೂ ಒದಗಿಸುತ್ತಾರೆ. ಆ ದಿನ ಹೊಸ ಗಿರಾಕಿಯೊಬ್ಬನ ಗೋಡೌನಿನಲ್ಲಿ ಒಂದು ಜರ್ಮನ್ ಶೆಫರ್ಡ್‌ನ ಟ್ರಯಲ್, ನೋಡಲು ನಾನೂ ಮಾಮನ ಜೊತೆ ಹೋಗಿದ್ದೆ. ನಾಯಿ ಗೇಟಿನಲ್ಲಿ ಕೂರಬೇಕು, ಏನೇ ಗದ್ದಲವಾದರೂ ಜಾಗ ಬಿಡಬಾರದು. ಅಷ್ಟೇ ಪರೀಕ್ಷೆ. ವಂಶಾವಳಿಯ ಪೇಪರಿನಲ್ಲಿ ಅದರ ಹೆಸರು 'ಲೇಡಿ ಥಂಡರ್'. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಮೆಡಲ್ ಹೊತ್ತವರು. ನನ್ನ ವಂಶದಲ್ಲಿ ಮುತ್ತಜ್ಜನ ಹೆಸರೇ ಯಾರಿಗೂ ಗೊತ್ತಿಲ್ಲ.

ನಾಯಿ ಕಲ್ಲಿನಂತೆ ಕೂತಿತ್ತು. ಲಾರಿ ಹಾರ್ನ್ ಹೊಡೆಯಿತು, ಕದಲಲಿಲ್ಲ. ಹಮಾಲರು ಖಾಲಿ ಡ್ರಮ್ ಉರುಳಿಸಿದರು, ಕಿವಿ ಮಾತ್ರ ಆಡಿತು. ಗಿರಾಕಿ ತಲೆದೂಗಿದ. ಮಾಮನ ಮುಖದಲ್ಲಿ ಬೆಳಕು. ಆಗ ನನಗೆ ಕಾಟ ಕೊಡಬೇಕೆನ್ನಿಸಿತು. ಯಾಕೆ? ನನಗೂ ಗೊತ್ತಿಲ್ಲ. ಕಂಬದ ಹಿಂದೆ ನಿಂತು ಸಣ್ಣಗೆ ಒಂದು ಸಲ ಕುಂಯ್‌ಗುಟ್ಟಿದೆ.

ಲೇಡಿ ಥಂಡರ್ ಎದ್ದಿತು.

ಗೇಟು ಬಿಟ್ಟು ಒಳಗೆ ಓಡಿತು. ಕಂಬದ ಹತ್ತಿರ ಬಂದು ನನ್ನನ್ನು ನೋಡಲೂ ಇಲ್ಲ, ನನ್ನ ಕಾಲ ಕೆಳಗೆ ನೋಡಿತು. ಪೆಟ್ಟಿಗೆಗಳ ಸಂದಿಗೆ ಮೂತಿ ತೂರಿಸಿತು. ಮರದ ಪಟ್ಟಿಗಳ ಕೆಳಗೆ ಕೆರೆಯಿತು. ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ನಾನು. ಕೊನೆಗೆ ಹಮಾಲನೊಬ್ಬ ಬಿಟ್ಟುಹೋಗಿದ್ದ ಬಿಳಿ ಹತ್ತಿಯ ಹ್ಯಾಂಡ್ ಗ್ಲೌಸ್ ಒಂದು ಅದಕ್ಕೆ ಸಿಕ್ಕಿತು. ಅದನ್ನು ಹಲ್ಲು ತಾಗದ ಹಾಗೆ ಬಾಯಲ್ಲಿ ಎತ್ತಿಕೊಂಡು, ಗೋಡೆಯ ಮೂಲೆಗೆ ಒಯ್ದು, ಸುತ್ತಿಕೊಂಡು ಮಲಗಿ, ನೆಕ್ಕತೊಡಗಿತು.

ನಗು ನಿಂತಿತು. ಮೊದಲು ಹಮಾಲರದು, ಕೊನೆಗೆ ನನ್ನದು.

"ಶೆಟ್ಟಿ ಸಾಬ್, ಯೇ ಚೌಕೀದಾರ್ ಹೈ ಯಾ ಆಯಾ?" ಎಂದ ಗಿರಾಕಿ, ಮಾಮನ ಕಡೆ ತಿರುಗಿ. ಇದು ಕಾವಲುಗಾರನೋ, ಮಗು ನೋಡಿಕೊಳ್ಳುವ ದಾದಿಯೋ? ಟ್ರಯಲ್ ಮುಗಿಯಿತು.

ಮಾಮ ನನಗೆ ಏನೆಂದರು ಎಂಬುದನ್ನು ಈ ಪತ್ರಿಕೆ ಅಚ್ಚು ಹಾಕುವುದಿಲ್ಲ. ಆಮೇಲೆ ಬಂಟಿ ಸೇಠ್‌ಗೆ ಫೋನ್ ಮಾಡಿದರು. ಬಂಟಿ ಸೇಠ್ ಕಲ್ಯಾಣದ ಆಚೆ ಶೆಡ್ಡುಗಳಲ್ಲಿ ನಾಯಿ ಸಾಕಿ ಮರಿ ಮಾರುವವನು, ಅಂದರೆ ಬ್ರೀಡರ್. ಒಂದೆರಡು ಅಲ್ಲ, ಶೆಡ್ಡಿನ ತುಂಬಾ ತಾಯಂದಿರು, ವರ್ಷವಿಡೀ ಮರಿಗಳು. ವಯಸ್ಸಾಗುತ್ತ ಬಂದ ತಾಯಿನಾಯಿಗಳನ್ನು ಮಾಮನಂಥವರಿಗೆ ಪುಕ್ಕಟೆ ಕೊಡುತ್ತಾನೆ, ಲೇಡಿ ಥಂಡರ್ ಬಂದದ್ದೂ ಹಾಗೆಯೇ. ಷರತ್ತು ಒಂದೇ: ನಾಯಿ ನಿಮ್ಮದು, ಮರಿ ನನ್ನದು.

"ಟೆನ್ಷನ್ ಮತ್ ಲೋ," ಎಂದ ಬಂಟಿ, ಸ್ಪೀಕರಿನಲ್ಲಿ. "ದೋ-ತೀನ್ ಮಹೀನಾ ರಖೋ. ಹೀಟ್ ಪೇ ಆಯೇಗೀ ತೋ ಟೆಂಪೋ ಭೇಜ್ ದೂಂಗಾ. ಏಕ್ ಲಿಟರ್ ಔರ್ ನಿಕಲ್ ಜಾಯೇಗಾ."

ಎರಡು ಮೂರು ತಿಂಗಳಲ್ಲಿ ಬೆದೆಗೆ ಬಂದರೆ ಟೆಂಪೋ ಕಳಿಸುತ್ತಾನಂತೆ, ಇನ್ನೊಂದು ಹೆರಿಗೆ 'ನಿಕಲ್ ಜಾಯೇಗಾ', ಹೊರಬೀಳುತ್ತದಂತೆ! ಟೂತ್‌ಪೇಸ್ಟ್ ಟ್ಯೂಬಿನಿಂದ ಇನ್ನೊಂದು ದಿನದ್ದು ಹಿಂಡುತ್ತೇವಲ್ಲ, ಆ ದನಿ. ನಾನು ತಕ್ಷಣ ಅನುಕರಿಸಬಲ್ಲೆ. ಅನುಕರಿಸಲಿಲ್ಲ.

ನನ್ನ ಕೂಗಿನಿಂದ ನೌಕರಿ ಹೋಯಿತು. ನೌಕರಿ ಇಲ್ಲದ್ದಕ್ಕೆ ಅದು ಮತ್ತೆ ಆ ಶೆಡ್ಡಿಗೆ ಹೋಗುತ್ತದೆ. ಈ ಲೆಕ್ಕ ನನಗೆ ಮಾಮನ ವ್ಯಾನಿನ ಹಿಂದಿನ ಸೀಟಿನಲ್ಲಿ, ಗ್ಲೌಸ್ ಕಚ್ಚಿಕೊಂಡ ನಾಯಿಯ ಪಕ್ಕ ಕೂತಾಗ ಅರ್ಥವಾಯಿತು. ಐರೋಲಿ ದಾಟುವವರೆಗೆ ಅದು ನನ್ನ ಜೇಬು ಮೂಸುತ್ತಿತ್ತು. ಮರಿ ಅಲ್ಲೆಲ್ಲೋ ಇದೆ ಎಂಬ ನಂಬಿಕೆ.

ಡೊಂಬಿವಲಿಯ ಮನೆಯಲ್ಲಿ ಬಾಗಿಲು ತೆಗೆದದ್ದು ವಾರಿಜ ಮಾಮಿ. ನಾಯಿಯ ಕೂದಲು ಎಂದರೆ ಆಗದವರು. ಮಕ್ಕಳು ಸಣ್ಣವರಿದ್ದಾಗ ಗೋಲ್ಡ್‌ಫಿಷ್ ಕೇಳಿದ್ದಕ್ಕೆ "ಅದರ ನೀರು ಯಾರು ಬದಲಿಸುವುದು, ನಿಮ್ಮ ಅಪ್ಪನಾ?" ಎಂದಿದ್ದರು. ಅಂಥವರು ನಾಯಿಯನ್ನು ಮೇಲಿಂದ ಕೆಳಗೆ ನೋಡಿದರು. ಹೊಟ್ಟೆಯ ಹತ್ತಿರ ಅವರ ಕಣ್ಣು ನಿಂತಿತು.

"ಇದಕ್ಕೆ ಮರಿ ಯಾವಾಗ ಆದದ್ದು?"

"ಇತ್ತೀಚೆಗೆ," ಎಂದರು ಮಾಮ, ಚಪ್ಪಲಿ ಬಿಡುತ್ತ.

"ಇತ್ತೀಚೆಗೆ ಅಂದ್ರೆ? ಇನ್ನೂ ಹಾಲುಂಟು ಮಾರ್ರೆ. ಹಸಿ ಬಾಣಂತಿಯನ್ನು ಗೇಟು ಕಾಯ್ಲಿಕ್ಕೆ ಕೂರಿಸಿದ್ರಾ? ನಿಮಗೆಲ್ಲ ಎಂತ ತಲೆ ಉಂಟಾ?"

"ಅದು ನಾಯಿ ಅಲ್ವಾ ಮಾಮಿ," ಎಂದೆ ನಾನು, ಮಾಮನನ್ನು ಕಾಪಾಡಲು.

"'ಅದು' ಅಲ್ಲ, ಅವಳು. ನೀನು ಸುಮ್ಮನೆ ಕೂರು. ನಿನ್ನ ಬಾಯಿಂದ ಆದದ್ದು ಸಾಕು."

ಅಂದಿನಿಂದ ನನ್ನ ಬರವಣಿಗೆಯಲ್ಲೂ ಅವಳು 'ಅವಳು'. ಮಾಮಿ ಗಂಜಿ ಮಾಡಿ ಆರಿಸಿ ಕೊಟ್ಟರು. ಅಡುಗೆಮನೆಯ ಬಾಗಿಲಲ್ಲಿ ಹಳೆಯ ಸೀರೆ ಮಡಚಿ ಹಾಸಿದರು. ಲೇಡಿ ಥಂಡರ್ ಎಂದು ಕರೆದರೆ ಆಕೆಗೇ ನಾಚಿಕೆಯಾದೀತು ಎಂದು 'ಅಕ್ಕು' ಎಂದು ಹೆಸರಿಟ್ಟರು. ಅವರ ಊರಿನಲ್ಲಿ ಹೆರಿಗೆ ಮಾಡಿಸುತ್ತಿದ್ದ ಹೆಂಗಸಿನ ಹೆಸರಂತೆ. "ಇವಳು ಎಷ್ಟು ಹೆತ್ತಿದ್ದಾಳೋ ಏನೋ. ಒಂದಕ್ಕೂ ಬಾಣಂತನ ಆಗ್ಲಿಲ್ಲ," ಎಂದು ಅವಳ ಕಿವಿಯ ಹಿಂದೆ ಎಣ್ಣೆ ಹಚ್ಚಿದರು. ಅಕ್ಕು ಕಣ್ಣು ಮುಚ್ಚಿದಳು, ಗ್ಲೌಸ್ ಬಿಡಲಿಲ್ಲ.

"ಇವಳನ್ನು ಕಳಿಸುವುದಿಲ್ಲ," ಎಂದರು ಮಾಮಿ.

ಮಾಮ ತಲೆ ಕೆರೆದುಕೊಂಡರು. ಬಂಟಿ ಸೇಠ್ ಇಲ್ಲವಾದರೆ ಏಜೆನ್ಸಿಗೆ ನಾಯಿ ಇಲ್ಲ. ಅವನ ಜೊತೆ ಜಗಳ ಆಡುವ ಹಾಗಿಲ್ಲ. ಆದರೆ ಒಂದು ದಾರಿ ಇತ್ತು, ರಿಜಿಸ್ಟ್ರಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾವಲು ಕಾಯುವ, ವಾಸನೆ ಹಿಡಿಯುವ, ಹೀಗೆ ಕೆಲಸದ ನಾಯಿಗಳ ವಂಶ ಬರೆದಿಡುವ ಸಂಸ್ಥೆಗೆ ರಿಜಿಸ್ಟ್ರಿ ಎನ್ನುತ್ತಾರೆ. ಅದರ ಪೇಪರ್ ಇದ್ದರೆ ಮರಿ ಚಿನ್ನ, ಇಲ್ಲದಿದ್ದರೆ ಮರಿ ಬರೀ ಮರಿ. ಒಂದು ತಾಯಿಯ ಹೆಸರಿನ ಮುಂದೆ ರಿಜಿಸ್ಟ್ರಿ 'ನಿವೃತ್ತ' ಎಂದು ಬರೆದರೆ ಮುಂದೆ ಅವಳ ಮರಿಗಳಿಗೆ ಪೇಪರ್ ಸಿಗುವುದಿಲ್ಲ. ಪೇಪರಿಲ್ಲದ ಮರಿಗಾಗಿ ಬಂಟಿ ಡೀಸೆಲ್ ಸುಡುವವನಲ್ಲ. ಅಕ್ಕುವನ್ನು ಉಳಿಸಲು ಆ ಒಂದು ಶಬ್ದ ಸಾಕಿತ್ತು.

ಭಾನುವಾರ ಥಾಣೆ ಊರಿನ ಶಾಲಾ ಮೈದಾನದಲ್ಲಿ ರಿಜಿಸ್ಟ್ರಿಯವರು ಮರಿಗಳಿಗೆ ಪೇಪರ್ ಕೊಡುವ ದಿನ. ನಾವು ಮೂವರೂ ಅಕ್ಕುವೂ ಹೋದೆವು. ಮರದ ನೆರಳಲ್ಲಿ ಮೇಜು ಹಾಕಿಕೊಂಡು ಕೂತಿದ್ದವರು ಮೂರ್ತಿಯವರು, ಮೈಸೂರಿನ ಕಡೆಯವರು, ಬ್ಯಾಂಕಿನಿಂದ ರಿಟೈರ್ ಆದವರು. ಪ್ರತಿ ಮರಿಯ ಗಲ್ಲ ಸವರಿ, "ಏನೋ ಕಳ್ಳ, ಚೆನ್ನಾಗಿದೀಯೇನೋ" ಎಂದು ಮಾತಾಡಿಸಿ, ಚರ್ಮದಡಿಯ ಗುರುತಿನ ಚಿಪ್ ನೋಡಿ, ಸಹಿ ಹಾಕುತ್ತಿದ್ದರು. ಒಳ್ಳೆಯ ಮನುಷ್ಯ. ಅಲ್ಲೇ ಬಂಟಿ ಸೇಠ್‌ನ ಟೆಂಪೋ, ತುಂಬಾ ಮರಿಗಳ ಪೆಟ್ಟಿಗೆ. ಬಂಟಿಯೂ ಸಿನಿಮಾದ ವಿಲನ್ ಥರ ಇರಲಿಲ್ಲ, ಮೊದಲು ನನ್ನ ಕೈಗೆ ವಡಾಪಾವ್ ಇಟ್ಟ. ತಿಂದೆ. (ತತ್ವ ಬೇರೆ, ಹಸಿವು ಬೇರೆ.)

ತಿನ್ನುತ್ತ ನೋಡಿದೆ. ಮರಿಗಳು ಬಂದವು, ಮರಿಗಳ ಪೇಪರ್ ಬಂದವು. ತಾಯಂದಿರು? ಒಬ್ಬಳೂ ಇಲ್ಲ. ಯಾರೂ ಕೇಳಲೂ ಇಲ್ಲ. ನಮ್ಮ ಲೋಕಲ್ ಟ್ರೇನಿನ ಟಿಸಿ ಹಾಗೆ. ಟಿಕೆಟ್ ಇದೆಯೇ ಎಂದು ನೋಡುತ್ತಾನೆ, ಬಾಗಿಲಲ್ಲಿ ನೇತಾಡುವವನ ಉಸಿರು ಇದೆಯೇ ಎಂದು ನೋಡುವುದಿಲ್ಲ.

ಹೆಚ್ಚು ಮರಿ ಮಾರುವವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಹತ್ತು ನಾಯಿಯನ್ನು ಮನೆಮಕ್ಕಳಂತೆ ನೋಡುವವರೂ ಇದ್ದಾರೆ, ಒಂದೇ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕಿ ಮರೆಯುವವರು ನಮ್ಮ ಸೊಸೈಟಿಯಲ್ಲೇ ಇದ್ದಾರೆ. ಆದರೆ ಟೆಂಪೋ ತುಂಬಾ ಮರಿ ತರುವವನ ಶೆಡ್ಡಿಗೆ ರಿಜಿಸ್ಟ್ರಿಯವರು ಒಮ್ಮೆಯಾದರೂ ಹೇಳದೆ ಕೇಳದೆ ಹೋಗಬೇಡವೇ? ಮರಿ ಹೆಚ್ಚಿದಷ್ಟೂ ಪ್ರಶ್ನೆ ಹೆಚ್ಚಬೇಕಲ್ಲವೇ? ಒಬ್ಬಳು ತಾಯಿ ಇಷ್ಟು ಸಲ ಸಾಕು, ನಡುವೆ ಇಷ್ಟು ವಿಶ್ರಾಂತಿ ಬೇಕು ಎಂಬ ಗೆರೆ ಎಲ್ಲಿದೆ? ಹೋದ ವರ್ಷ ಹೆತ್ತವಳು ಈ ವರ್ಷ ಎಲ್ಲಿದ್ದಾಳೆ ಎಂದು ಕೇಳಿ ಆಮೇಲೆ ಸಹಿ ಹಾಕಿದರೆ ಪೆನ್ನಿನ ಮಸಿ ಒಣಗಿಹೋಗುತ್ತದೆಯೇ? ಯಾರಿಗೂ ಹೆದರದ ಬಂಟಿ ಆ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ. ಅಷ್ಟು ಅಧಿಕಾರ ಇಟ್ಟುಕೊಂಡು ಬರೀ ಹೆಸರು ಬರೆಯುವುದೇ?

ನಮ್ಮ ಸರದಿ ಬಂತು. ಮಾಮಿ ವಿಷಯ ಹೇಳಿದರು. ಮೂರ್ತಿಯವರು ಕನ್ನಡಕ ತೆಗೆದರು.

"ನೋಡೀಮ್ಮಾ, ನಿಮ್ಮ ಮನಸ್ಸು ದೊಡ್ಡದು. ಆದ್ರೆ ನಮ್ದು ಕೆಲಸದ ನಾಯಿಗಳ ರಿಜಿಸ್ಟ್ರಿ. ಟ್ರಯಲ್ ಪಾಸ್ ಮಾಡಿರ್ಬೇಕು, ಇಲ್ಲಾ ಎಲ್ಲಾದ್ರೂ ಡ್ಯೂಟಿ ಮಾಡಿರ್ಬೇಕು. ಆಗ್ಲೇ ನಿವೃತ್ತಿ."

"ಮರಿ ಹಾಕ್ಲಿಕ್ಕೆ ಟ್ರಯಲ್ ಪಾಸ್ ಆಗ್ಬೇಕಾ?" ಎಂದರು ಮಾಮಿ.

"ಇಲ್ಲ. ಅದಕ್ಕೆ ಅಪ್ಪ ಅಮ್ಮನ ಪೇಪರ್ ಸಾಕು."

ಹೆರಲು ಯೋಗ್ಯತೆ ಬೇಡ, ನಿಲ್ಲಿಸಲು ಬೇಕು! ನಾನು ಬಾಯಿ ತೆರೆದೆ. ಮಾಮ ನನ್ನ ಕಾಲು ತುಳಿದರು.

ಅಷ್ಟರಲ್ಲಿ ಟೆಂಪೋದಿಂದ ಕುಂಯ್‌ಗುಟ್ಟುವ ಸದ್ದು ಬಂತು. ಈ ಸಲ ನಾನಲ್ಲ, ಆಣೆ. ಅಕ್ಕು ಬೆಲ್ಟ್ ಎಳೆದುಕೊಂಡು ಓಡಿದಳು. ಒಂದು ಪೆಟ್ಟಿಗೆಯ ಮುಂದೆ ನಿಂತಳು. ಒಳಗಿನ ಮರಿಗಳು ಒಂದರ ಮೇಲೊಂದು ಹತ್ತಿ ಜಾಲರಿಗೆ ಮೂಗು ಒತ್ತಿದವು. ಅವಳ ಇಡೀ ಮೈ ಬಾಲದ ಜೊತೆ ಅಲ್ಲಾಡುತ್ತಿತ್ತು. ಇಷ್ಟು ದಿನ ಯಾರಿಗೂ ಕೊಡದ ಗ್ಲೌಸನ್ನು ಬಾಯಿಂದ ಕೆಳಗಿಟ್ಟಳು. ಜಾಲರಿಯ ಸಂದಿಯಿಂದ ಒಂದೊಂದೇ ಮೂಗನ್ನು ನೆಕ್ಕಿದಳು.

"ಇಸೀ ಕೇ ಹೈಂ," ಇವಳವೇ ಮರಿಗಳು ಎಂದ ಬಂಟಿ, ಸ್ವಲ್ಪ ತಗ್ಗಿದ ದನಿಯಲ್ಲಿ.

ಮೂರ್ತಿಯವರು ಎದ್ದು ಹೋಗಿ ನೋಡಿದರು. ತುಂಬಾ ಹೊತ್ತು ನೋಡಿದರು. ವಾಪಸು ಬಂದು ಕೂತು, ಪಾಪ, ಮತ್ತೆ ಅದನ್ನೇ ಅಂದರು: "ಅರ್ಥ ಆಗುತ್ತೆ ಕಣಮ್ಮ. ಆದ್ರೆ ನಿಯಮ ನಿಯಮಾನೇ. ಇವಳು ಒಂದು ದಿನಾನೂ ಕೆಲಸ ಮಾಡಿಲ್ವಲ್ಲ?"

ಆಗ ಮಾಮಿ ಬಾಯಿಬಿಟ್ಟರು. ಅವರ ಮಾತನ್ನು ಕೊನೆಗೆ ಹೇಳುತ್ತೇನೆ, ಅದರ ನಂತರ ನನ್ನ ಮಾತಿಗೆ ಜಾಗ ಇರುವುದಿಲ್ಲ. ಮುಂದಿನದನ್ನು ಮೊದಲು ಕೇಳಿ. ಮೂರ್ತಿಯವರ ಮುಖ ಕೆಂಪಾಯಿತು, ಆಮೇಲೆ ಅದೇ ಮುಖ ನಕ್ಕಿತು, ಕೈ 'ನಿವೃತ್ತ' ಎಂದು ಬರೆಯಿತು. "ಕಮಿಟಿಯವ್ರು ಕೇಳಿದ್ರೆ ಇದೇ ಮಾತು ಹೇಳ್ತೀನಿ" ಎಂದರು. ಮುಂದಿನ ಸಲ ಮರಿಗಳ ಜೊತೆ ತಾಯಂದಿರೂ ಬರಬೇಕು ಎಂದು ಬಂಟಿಗೆ ಅಲ್ಲೇ ಹೇಳಿದರು. "ಭಾಭೀಜೀ ಸೇ ಕೌನ್ ಲಡೇಗಾ," ಅತ್ತಿಗೆಯ ಜೊತೆ ಯಾರು ಜಗಳಾಡುತ್ತಾರೆ ಎಂದು ಬಂಟಿ ಟೆಂಪೋ ಹತ್ತಿದ. ಹತ್ತುವ ಮೊದಲು ಅಕ್ಕುವಿನ ತಲೆ ಸವರಿದ. ಮರಿಗಳು ಹೊರಟವು. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉಪಾಯವಿರಲಿಲ್ಲ. ಟೆಂಪೋ ಕಣ್ಮರೆಯಾಗುವವರೆಗೂ ಅಕ್ಕು ನೋಡಿದಳು, ಗ್ಲೌಸ್ ಎತ್ತಿಕೊಂಡಳು, ಮಾಮಿಯ ಸೀರೆಯ ನೆರಿಗೆಗೆ ತಲೆ ತಾಗಿಸಿ ನಿಂತಳು.

ಈಗ ಅವಳು ಡೊಂಬಿವಲಿಯ ಅಡುಗೆಮನೆ ಬಾಗಿಲಲ್ಲಿ ಮಲಗುತ್ತಾಳೆ. ಕಾವಲಲ್ಲಿ ಭಾರೀ ಶಿಸ್ತು, ಮಾಮನನ್ನೇ ಒಳಗೆ ಬಿಡುವುದಿಲ್ಲ. ನನ್ನ ನಾಯಿಮರಿ ಐಟಮ್ ಕೂಡ ನಿವೃತ್ತ. ಮಾಮಿಯ ಆ ಮಾತನ್ನು ಅವರದೇ ದನಿಯಲ್ಲಿ ಅಂದು ನೋಡಲು ಕನ್ನಡಿಯ ಮುಂದೆ ಎಷ್ಟೋ ಸಲ ನಿಂತಿದ್ದೇನೆ, ಬರುತ್ತಿಲ್ಲ. ಹಾಗಾಗಿ ಇದ್ದ ಹಾಗೇ ಬರೆಯುತ್ತೇನೆ.

"ಕೆಲಸ ಮಾಡ್ಲಿಲ್ವಾ? ಹಾಗಾದ್ರೆ ಆ ಪೆಟ್ಟಿಗೆಯಲ್ಲಿ ಕೂಗುವ ಮರಿಗಳನ್ನೆಲ್ಲ ಹೆತ್ತದ್ದು ಎಂತ, ನೀವಾ ಮಾರ್ರೆ?"