ಇಂದ್ರಾಣಿ ಮಾಡಿದ ಯುರೋಪಾ

ಕೋಣನಕುಂಟೆಯ ಇಂದ್ರಾಣಿಗೆ ಪ್ಲಾಸ್ಟರ್ ಕಲಸುವುದನ್ನು ಕಲಿಸಿದ್ದು ಅಪ್ಪ ಸಂಜೀವಯ್ಯ. ಅವರು ಮನೆಗಳ ಛಾವಣಿಗೆ ಪಿಒಪಿ ಹೂಬಳ್ಳಿ ಹಾಕುತ್ತಿದ್ದರು. ಮಗಳು ಅದೇ ಕಸುಬನ್ನು ಜೆಪಿ ನಗರದ ಅಂಧಮಕ್ಕಳ ಶಾಲೆಗೆ ಒಯ್ದಳು. ಮಕ್ಕಳು ಮುಟ್ಟಿ ತಿಳಿಯಲೆಂದು ಹೃದಯ, ಬೆಟ್ಟ, ಭೂಪಟ ಎಲ್ಲ ಮಾಡಿಕೊಟ್ಟಳು. ಕಣ್ಣು ಮುಚ್ಚಿಕೊಂಡು ಒಮ್ಮೆ ಸವರದೆ ಯಾವುದನ್ನೂ ತರಗತಿಗೆ ಕಳಿಸಿದವಳಲ್ಲ.

ಕಳೆದ ವರ್ಷ ಕ್ಯಾನ್ಸರ್ ಬಂತು. ಕೀಮೋ ಮುಗಿದ ಮೇಲೆ ಕೂದಲು ಬಂತು, ಬೆರಳ ತುದಿಯ ಸ್ಪರ್ಶ ಮಾತ್ರ ಬರಲಿಲ್ಲ. ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ.

ಆಗಲೇ ವಿಜ್ಞಾನದ ಮೇಷ್ಟ್ರು ನರೇಂದ್ರ, ತಾವೂ ಹುಟ್ಟಿನಿಂದ ಕಣ್ಣು ಕಾಣದವರು, ಗುರುಗ್ರಹದ ಚಂದ್ರ ಯುರೋಪಾದ ಮಾದರಿ ಬೇಕೆಂದರು. ಇಂದ್ರಾಣಿ ಫೋಟೋ ನೋಡಿ ಪ್ಲಾಸ್ಟರ್ ಗುಂಡು ಮಾಡಿ, ಅಲ್ಲಿ ಕಂಡ ಗೆರೆಗಳಂತೆ ಅದರ ಮೈತುಂಬ ಚಾಕುವಿನಿಂದ ಗೀರಿದಳು. ಸವರುತ್ತಿದ್ದ ನರೇಂದ್ರ ಥಟ್ಟನೆ ಕೈ ಹಿಂದೆಗೆದರು. ಬಿಳಿ ಪ್ಲಾಸ್ಟರ್ ಮೇಲೆ ರಕ್ತ. ಗೀರಿನ ಅಂಚೊಂದು ಅಲಗಿನಂತೆ ನಿಂತಿತ್ತು.

“ಮುಟ್ಟಿ ನೋಡ್ಲಿಲ್ವಾ ಇಂದ್ರಾಣಿಯವರೇ?”

“ನೋಡ್ದೆ ಸಾರ್. ಬೆರಳಿಗೆ ಏನೂ ತಿಳಿಯಲ್ಲ, ಕೀಮೋ ಆದಾಗಿಂದ. ಮಕ್ಕಳ ಕೈಗೆ ಹೋಗಿದ್ರೆ ಏನ್ ಗತಿ? ನಾಳೆಯಿಂದ ಬರಲ್ಲ.”

ನರೇಂದ್ರ ಬೆರಳಿಗೆ ಕರವಸ್ತ್ರ ಸುತ್ತಿಕೊಂಡರು. “ಗೀರಿದ್ದೂ ಸರಿಯಿಲ್ಲ,” ಎಂದರು. “ಆ ಚಂದ್ರ ಸುತ್ತುವಾಗ ಗುರುಗ್ರಹಕ್ಕೆ ಒಮ್ಮೆ ಹತ್ತಿರ, ಒಮ್ಮೆ ದೂರ. ಎಳೆತ ಹೆಚ್ಚುಕಮ್ಮಿ ಆಗಿ ಮೇಲಿನ ಮಂಜುಗಡ್ಡೆ ಸೀಳುತ್ತೆ. ಒಳಗಿಂದ ನೀರು, ಮೆತ್ತನೆ ಮಂಜು ಮೇಲೆ ಬಂದು ಹೆಪ್ಪುಗಟ್ಟುತ್ತೆ. ಮತ್ತೆ ಮತ್ತೆ ಹಾಗಾಗಿ ಸೀಳಿನ ಎರಡೂ ಕಡೆ ಏರಿ ಏಳುತ್ತೆ ಅಂತಾರೆ, ಕೆರೆ ಏರಿ ಥರ. ನೀವು ನೋಡಿ ಮಾಡಿ. ನಾನು ಮುಟ್ಟಿ ಹೇಳ್ತೀನಿ.”

ಇಂದ್ರಾಣಿ ಮನೆಗೆ ಹೋದಳು. ಆ ವಾರ ಬರಲೇ ಇಲ್ಲ. ಸೋಮವಾರ ಬಂದು ಹೊಸದಾಗಿ ಪ್ಲಾಸ್ಟರ್ ಕಲಸಿದಳು. ಮೆಹೆಂದಿ ಬಿಡುವಂತೆ ಕೋನ್‌ನಿಂದ ಜೋಡಿ ಏರಿಗಳನ್ನು ಎಳೆದಳು. ಒಂದೆಡೆ, ಒಡೆದು ಸರಿದು ಮತ್ತೆ ಹೆಪ್ಪುಗಟ್ಟಿದ ಮಂಜಿನ ತುಂಡುಗಳಂತೆ ಪ್ಲಾಸ್ಟರ್ ಚೂರುಗಳನ್ನು ಓರೆಯಾಗಿ ಕೂರಿಸಿದಳು. ಒಣಗಿದ ಮೇಲೆ ನರೇಂದ್ರ “ಇಲ್ಲಿ ಚೂಪು” ಎಂದಲ್ಲೆಲ್ಲ ಉಪ್ಪುಕಾಗದ ಹಿಡಿದು ಉಜ್ಜಿದಳು.

ತರಗತಿಯಲ್ಲಿ ಸೌಮ್ಯ ಎಂಬ ಹುಡುಗಿ ಗುಂಡನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದಳು.

“ಇದು ಈಗ್ಲೂ ಒಡೀತಾ ಇರುತ್ತಾ ಆಂಟಿ?”

“ಒಡೀತಿರಬಹುದು ಅಂತಾರೆ ಸಾರು.”

ಸೌಮ್ಯ ತಡಕಾಡಿ ಇಂದ್ರಾಣಿಯ ಕೈ ಹಿಡಿದು ಏರಿಯ ಮೇಲಿಟ್ಟಳು. “ಗೊತ್ತಾಯ್ತಾ?”

“ಇಲ್ಲಮ್ಮ. ನನ್ ಬೆರಳಿಗೆ ತಿಳಿಯಲ್ಲ. ಹೇಗಿದೆ, ನೀನೇ ಹೇಳು.”

“ತಣ್ಣಗಿದೆ,” ಎಂದಳು ಹುಡುಗಿ. “ಮೊದಲು ಹತ್ತೋದು. ಆಮೇಲೆ ಇಳಿಯೋದು. ಇಗೋ, ಇನ್ನೊಂದು ಹತ್ತೋದು.”