ಪಂಕ್ತಿಯಲ್ಲಿ ಬಿಚ್ಚಿಸಿದ ವಾಚು

ಮೊನ್ನೆ ಸ್ಕೂಟರಿಗೆ ಹಾಕುವಾಗ ಪೆಟ್ರೋಲು ಅಂಗೈ ಮೇಲೆ ಚೆಲ್ಲಿತು. ವಾಸನೆ ಮೂಗಿಗೆ ಬಡಿದದ್ದೇ ತಡ, ಅರಸೀಕೆರೆ ಬಸ್‌ಸ್ಟ್ಯಾಂಡಿನ ಪಕ್ಕದ ಆ ಚಿಕ್ಕ ವಾಚ್ ಅಂಗಡಿ ಕಣ್ಣೆದುರು ಬಂತು. ಅಂಗಡಿಯವರು ಗಾಜಿನ ಬಟ್ಟಲಲ್ಲಿ ಪೆಟ್ರೋಲು ಇಟ್ಟುಕೊಂಡು ಸಾಸಿವೆಯಷ್ಟು ಚಕ್ರಗಳನ್ನು ತೊಳೆಯುತ್ತಿದ್ದರು...

ನನ್ನದು ಮಾವನವರು ಕೊಟ್ಟ ಸ್ವಿಸ್ ವಾಚು, ಕೀಲಿ ಕೊಡುವಂಥದ್ದು. ನಮ್ಮ ಕೊಬ್ಬರಿ ಮಂಡಿಯಲ್ಲಿ ಅಂಥದ್ದು ಬೇರೆ ಯಾರ ಕೈಯಲ್ಲೂ ಇರಲಿಲ್ಲ. ಅದರ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ದಿನಕ್ಕೆ ಮೂರು ನಿಮಿಷ ಹಿಂದೆ ಬೀಳತೊಡಗಿದಾಗ ಆ ಅಂಗಡಿಯವರಿಗೆ ರಿಪೇರಿಗೆ ಕೊಟ್ಟೆ. "ಹತ್ತು ದಿನ ಬಿಟ್ಟು ಬನ್ನಿ ಸ್ವಾಮಿ" ಎಂದರು.

ವಾರ ಕಳೆದು ಮಾದಿಹಳ್ಳಿಯಲ್ಲಿ ಒಂದು ಮದುವೆ. ಊಟಕ್ಕೆ ಕೂತರೆ ಎದುರಿನ ಸಾಲಿನಲ್ಲಿ ಅವರು, ಮಣಿಕಟ್ಟಿನಲ್ಲಿ ನನ್ನ ವಾಚು! ಮೈಯೆಲ್ಲಾ ಉರಿದುಹೋಯಿತು. ಪಂಕ್ತಿಗೆಲ್ಲ ಕೇಳುವಂತೆ ಕೂಗಿದೆ: "ಏನ್ರೀ, ಗಿರಾಕಿ ವಾಚ್ ಕಟ್ಕೊಂಡು ಶೋಕಿ ಮಾಡ್ತೀರಾ? ಬಿಚ್ಚಿ ಈಗ್ಲೇ!"

ಅವರು ಎಲೆ ಬಿಟ್ಟೆದ್ದು ಕೈ ತೊಳೆದರು. ವಾಚು ಬಿಚ್ಚಿ, ಪಂಚೆಯ ಅಂಚಿನಲ್ಲಿ ಒರೆಸಿ ಕೊಟ್ಟರು. "ಇನ್ನೆರಡು ದಿನ ಕೈ ಮೇಲೆ ಇರಬೇಕಿತ್ತು ಸ್ವಾಮಿ. ದಿನಕ್ಕೆ ನಾಕು ಸೆಕೆಂಡು ಇನ್ನೂ ಮುಂದೋಡ್ತೈತೆ" ಅಂದರು, ಅಷ್ಟೇ. ಊಟ ಮುಗಿಸದೆ ಹೊರಟುಹೋದರು.

ಮೇಜಿನ ಮೇಲೆ ಮಲಗಿಸಿಟ್ಟರೆ ಒಂದು ಥರ, ಕೈಗೆ ಕಟ್ಟಿ ಓಡಾಡಿದರೆ ಇನ್ನೊಂದು ಥರ ಓಡುತ್ತವಂತೆ ಇಂಥ ವಾಚುಗಳು. ಅದಕ್ಕೇ ಅವರು ರಿಪೇರಿಯಾದ ಒಂದೊಂದನ್ನೂ ವಾರಗಟ್ಟಲೆ ಕಟ್ಟಿಕೊಂಡು, ರೇಡಿಯೋ ಟೈಮಿಗೆ ತಾಳೆ ನೋಡಿ, ತಿದ್ದಿ ಕೊಡುತ್ತಿದ್ದರು. ಇದನ್ನು ನನಗೆ ಹೇಳಿದ್ದು ಹಾಸನದ ಇನ್ನೊಬ್ಬ ರಿಪೇರಿಯವನು. ಅಷ್ಟರಲ್ಲಿ ನನ್ನ ಮಾತು ಊರೆಲ್ಲಾ ಹರಡಿ, ಜನ ಅವರ ಅಂಗಡಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು. ಕ್ಷಮೆ ಕೇಳೋಣವೆಂದು ಎರಡು ಸಲ ಬಾಗಿಲವರೆಗೆ ಹೋದೆ. ಒಳಗೆ ಯಾರೋ ಇದ್ದರು. ಅಷ್ಟು ಜನರೆದುರು ಬೈಯುವಾಗ ಇಲ್ಲದ ನಾಚಿಕೆ, ಇಬ್ಬರೆದುರು ತಪ್ಪಾಯಿತು ಅನ್ನಲು ಅಡ್ಡ ಬಂತು. ವಾಪಸ್ಸು ಬಂದೆ. ಮುಂದೊಂದು ದಿನ ಅಂಗಡಿಯೂ ಮುಚ್ಚಿತು...

ನಿನ್ನೆ ಗಟ್ಟಿ ಮನಸ್ಸು ಮಾಡಿ ಹಗರೆಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಹಳೇ ಗಿರಾಕಿ ಎಂದಷ್ಟೇ ಹೇಳಿಕೊಂಡೆ. ಅವರ ಮಗಳು ಕಾಫಿ ತಂದುಕೊಟ್ಟರು.

"ಅಪ್ಪ ಕೊನೆಕೊನೆಗೆ ಯಾರ ವಾಚೂ ಕೈಗೆ ಕಟ್ತಿರಲಿಲ್ಲ ಸಾರ್. ಟೈಮ್ ಸರಿಯಾಗಿ ಕೂರಲ್ಲ ಅಂತ ಗೊತ್ತಿದ್ರೂ ಮೇಜಿನ ಮೇಲಿಟ್ಟೇ ನೋಡಿ ಕೊಟ್ಬಿಡೋರು. ಯಾಕೆ ಅಂತ ಕೇಳಿದ್ರೆ ಹೇಳ್ತಿರಲಿಲ್ಲ."

ನನಗೆ ಗೊತ್ತಿತ್ತು. ಆ ತಪ್ಪು ಒಪ್ಪಿಕೊಳ್ಳಲೆಂದೇ ಹೋಗಿದ್ದೆ.

ಕಾಫಿ ಚೆನ್ನಾಗಿದೆಯಮ್ಮ ಎಂದು ಲೋಟ ಕೆಳಗಿಟ್ಟು, ಎದ್ದು ಬಂದೆ.